ಹೆದರಿದ ರಕ್ತ

ಸಂಪದಾ ಮೇಡಂ ಓಡುವವರಲ್ಲ. ಬಿಳಿ ಕೋಟಿನ ಕಿಸೆಯಲ್ಲಿ ಎರಡೂ ಕೈ ಇಟ್ಟುಕೊಂಡು, ನೆಲ ನೋಡುತ್ತ ನಡೆಯುವವರು. ಅಂಥವರು ಕೈಯಲ್ಲಿ ಕಾಗದ ಹಿಡಿದು ಪ್ರಯೋಗಾಲಯದ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಓಡಿಬರುವುದನ್ನು ಕಂಡಾಗಲೇ ಭುವನೇಶ್ವರಿಗೆ ಏನೋ ಕೆಟ್ಟಿದೆ ಎಂದು ತಿಳಿಯಿತು. ಅವಳು ರೋಗದ ಶೆಡ್ಡಿನ ಹೊರಗೆ ಕೂತು ಗಮ್‌ಬೂಟುಗಳನ್ನು ಔಷಧದ ನೀರಿನಲ್ಲಿ ಅದ್ದಿ ತಿಕ್ಕುತ್ತಿದ್ದಳು. ಬೆಳಗಿನ ಹತ್ತು ಗಂಟೆ.

“ಶಿದ್ದಪ್ಪ ಎಲ್ಲಿದಾನ?”

“ಆ ಶೆಡ್ಡಿನ್ಯಾಗ ಅದಾರ್ರಿ.”

“ಅಲ್ಲೇ ಇರಲಿ. ನೀನೂ ಇಲ್ಲೇ ನಿಂದ್ರು. ಯಾರೂ ಅತ್ತಿಂದಿತ್ತ ಓಡ್ಯಾಡಬ್ಯಾಡ್ರಿ. ಆ ಎಂಟಕ್ಕೂ ರೋಗ ಹೊಕ್ಕಂಗ ಕಾಣ್ತದ.”

ಕೆಲಗೇರಿ ಕೆರೆಯ ಆಚೆ, ಜಾಲಿಗಿಡಗಳ ನಡುವಿನ ಆ ಸಂಶೋಧನಾ ಕೇಂದ್ರದಲ್ಲಿ ಹದಿನಾರು ಹಂದಿಗಳಿದ್ದವು. ಎಂಟು ಹಂದಿಗಳ ಮೂಗಿಗೆ ನಿನ್ನೆ ಬೆಳಿಗ್ಗೆ ಆರಕ್ಕೆ ಶ್ವಾಸಕೋಶದ ರೋಗದ ಬ್ಯಾಕ್ಟೀರಿಯಾ ಬಿಟ್ಟಿದ್ದರು. ಇನ್ನೆಂಟನ್ನು ಅಂಗಳದ ಆಚೆಯ ಶೆಡ್ಡಿನಲ್ಲಿ ರೋಗವಿಲ್ಲದೆ ಇಟ್ಟಿದ್ದರು. ಆರು ತಾಸಿಗೊಮ್ಮೆ ಹದಿನಾರರದೂ ರಕ್ತ ತೆಗೆಯಬೇಕು. ರಕ್ತದಲ್ಲಿ ಏನು ನೋಡುತ್ತೀರಿ ಎಂದು ಭುವನೇಶ್ವರಿ ಕೇಳಿರಲಿಲ್ಲ; ಕೇಳುವ ಧೈರ್ಯ ಅವಳಿಗಿರಲಿಲ್ಲ. ಮೇಡಂ ತಾವಾಗಿಯೇ ಒಮ್ಮೆ ಹೇಳಿದ್ದರು: “ಮನಿಗೆ ಕಳ್ಳ ಹೊಕ್ಕ ಅಂತ ತಿಳಿ. ಒಬ್ಬಾಕಿ ಚೀರ್ತಾಳ, ಒಬ್ಬಾಂವ ಬಡಿಗಿ ತಗೋತಾನ, ಒಬ್ಬಾಂವ ಬಾಗಲಾ ಹಾಕ್ತಾನ. ಹಂಗ ರೋಗಾಣು ಹೊಕ್ಕಾಗ ಒಳಗ ಯಾವ ಜೀನು ಎದ್ದು ಕೂಡ್ತದ, ಎಷ್ಟು ಜೋರಾಗಿ ಕೆಲಸ ಮಾಡ್ತದ, ಅದನ್ನ ಅಳೆಯೋದು. ಕಳ್ಳ ಬರಲಾರದ ಮನಿಯೊಳಗ ಎಲ್ಲಾರೂ ಸುಮ್ನ ಮಲಗಿರ್ತಾರ. ಅದಕ್ಕ ಎರಡು ಮನಿ ಬೇಕು ನಮಗ.”

ಈಗ ಕಳ್ಳ ಬರದ ಮನೆಯಲ್ಲೂ ಎಲ್ಲರೂ ಎದ್ದು ಕೂತಿದ್ದರು. ಬೆಳಿಗ್ಗೆ ಆರರ ರಕ್ತ ಹಾಗೆಂದು ಹೇಳುತ್ತಿತ್ತು. ನೋಡುವ ಒಂಬತ್ತು ಜೀನುಗಳಲ್ಲಿ ಏಳು ಮೇಲೆದ್ದಿದ್ದವು.

ಕೇಂದ್ರದ ಮುಖ್ಯಸ್ಥರಾದ ಯಜ್ಞೇಶ್ವರ ಸರ್ ಬಂದು ಅಂಗಳದ ನಡುವೆ ನಿಂತರು. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಕಾಗದ ನೋಡಿದರು. ಇನ್ನೊಮ್ಮೆ ನೋಡಿದರು.

“ಮೂಗಿನ ದ್ರವದ ಪರೀಕ್ಷೆ ಯಾವಾಗ ಬರ್ತದ?”

“ನಾಡಿದ್ದರಿ ಸರ್. ಬ್ಯಾಕ್ಟೀರಿಯಾ ಬೆಳಿಯಬೇಕಲ್ರಿ.”

“ನಾಡಿದ್ದಿನ ತನಕ ಕಾಯಲಿಕ್ಕೆ ಬರೂದಿಲ್ಲ ಸಂಪದಾ. ಒಂದು ಶೆಡ್ಡಿಂದ ಇನ್ನೊಂದಕ್ಕ ದಾಟೇದ ಅಂದ್ರ ಕಂಪೌಂಡಿನ ಗ್ವಾಡಿ ಹೊರಗೂ ದಾಟಿರಬಹುದು. ಐದು ಗಂಟೆಕ್ಕ ದನದ ದವಾಖಾನಿ ಡಾಕ್ಟರಗೋಳ ಬರ್ತಾರ. ಹದಿನಾರೂ ಮುಗಿಸಿಬಿಡೋಣ.”

ಸಂಪದಾ ಮೇಡಂ ಕಾಗದವನ್ನು ಸರ್ ಕೈಯಿಂದ ತೆಗೆದುಕೊಂಡರು. ಮೂರು ವರ್ಷದ ಕೆಲಸ ಅದು. ರೋಗ ಬಿಡದ ಆ ಎಂಟು ಹಂದಿಗಳು ಪ್ರಯೋಗ ಮುಗಿದ ಮೇಲೆ ತಳಿಕೇಂದ್ರಕ್ಕೆ ಹೋಗಬೇಕಾದವು, ಸಾಯಬೇಕಾದವಲ್ಲ.

“ರೋಗ ಹೊರಗಿಂದ ಬಂದಿದ್ರೂ ಬಂದಿರಬಹುದು,” ಎಂದರು ಸರ್. “ಮನಿಯೊಳಗ ಹಂದಿ ಸಾಕಿದವರು ಇಲ್ಲಿ ಯಾರರೆ ಇದ್ದೀರೇನು?”

ಆಚೆ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಶಿದ್ದಪ್ಪ ತಡಮಾಡಲಿಲ್ಲ. “ಯಾರೂ ಇಲ್ಲರಿ ಸಾಹೇಬ್ರ. ಕೆಲಸಕ್ಕ ಸೇರುವಾಗ ಎಲ್ಲಾರೂ ಬರಕೊಟ್ಟೇವಲ್ರಿ.”

ಸರ್ ಭುವನೇಶ್ವರಿಯತ್ತ ನೋಡಿದರು. ಅವಳು ಬೂಟನ್ನು ನೋಡಿದಳು.

ಅಮರಗೋಳದಲ್ಲಿ, ಮಾರುಕಟ್ಟೆ ಪ್ರಾಂಗಣದ ಹಿಂದಿನ ಓಣಿಯಲ್ಲಿ, ಅವಳ ಅವ್ವ ದುರಗವ್ವನಿಗೆ ಹನ್ನೊಂದು ಹಂದಿಗಳಿದ್ದವು. ವ್ಯಾಪಾರಿಗಳು ಒಗೆದ ಗಜ್ಜರಿ, ಕೋಸು, ಕೊಳೆತ ಆಲೂಗಡ್ಡೆ ಬಳಿದು ತಂದು ಅವ್ವ ಅವುಗಳನ್ನು ಸಾಕಿದ್ದಳು. ಅವು ಇವಳನ್ನು ಸಾಕಿದ್ದವು. ಎಂಟನೆಯ ತರಗತಿಯಲ್ಲಿ ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡು ಬೆಂಚಿನ ತುದಿಗೆ ಸರಿಯತೊಡಗಿದಾಗ ಭುವನೇಶ್ವರಿ ಸಾಲಿ ಬಿಟ್ಟಳು. ಯಾರಿಗೂ ಏನೂ ಹೇಳದೆ ಬಿಟ್ಟಳು. ಇಲ್ಲಿ ಕೆಲಸಕ್ಕೆ ಕರೆತಂದವನು ಅದೇ ಓಣಿಯ ಶಿದ್ದಪ್ಪ. ಮನೆಯಲ್ಲಿ ಹಂದಿ ಇದ್ದವರನ್ನು ತೆಗೆದುಕೊಳ್ಳುವುದಿಲ್ಲ ಎಂದು ತಿಳಿದಾಗ, “ಇಲ್ಲ ಅಂತ ಬರಿ. ನಿಮ್ಮನಿಗೆ ಬಂದು ಯಾವ ಸಾಹೇಬ ನೋಡ್ತಾನ?” ಎಂದವನೂ ಅವನೇ. ಅವಳು ‘ಇಲ್ಲ’ ಎಂದು ಬರೆದಿದ್ದಳು. ಮೂಗು ಮುಚ್ಚಿಕೊಳ್ಳದೆ ಜನ ಅವಳ ಜತೆ ಮಾತಾಡಿದ ಮೊದಲ ಜಾಗ ಇದು.

ಕೆಲಸಕ್ಕೆ ಸೇರಿದ ಮೇಲೆ ಎಂಟು ತಿಂಗಳು ಅವಳು ಮನೆಯ ಹಂದಿಗಳನ್ನು ಮುಟ್ಟಿರಲಿಲ್ಲ. ಆದರೆ ಐದು ದಿನದ ಹಿಂದೆ ಒಂದು ಹಂದಿಗೆ ಮರಿ ಅಡ್ಡ ಸಿಕ್ಕಿತು. ಅವ್ವನ ಕೈ ದಪ್ಪ, ಇವಳದು ಸಣ್ಣ. ಮೊಣಕೈ ತನಕ ಒಳಗೆ ಹಾಕಿ ತೆಗೆದಿದ್ದಳು. ಮರುದಿನ ಮೂರು ಸಲ ಸೋಪು ಹಚ್ಚಿ ಕೈ ತೊಳೆದು ಇಲ್ಲಿಗೆ ಬಂದಿದ್ದಳು. ಆಗ ಹದಿನಾರು ಹಂದಿಗಳೂ ಒಂದೇ ಶೆಡ್ಡಿನಲ್ಲಿದ್ದವು.

ನಾನೇ ತಂದೆನೇ? ಅವಳು ತಿಕ್ಕಿದ ಬೂಟನ್ನೇ ಮತ್ತೆ ನೀರಿಗೆ ಅದ್ದಿದಳು.

ಸರ್ ಮತ್ತು ಮೇಡಂ ಆಫೀಸಿಗೆ ಹೋದರು. ಶಿದ್ದಪ್ಪ ಬಕೆಟ್ಟು ಇಳಿಸಿ, ಅಂಗಳದ ಸುಣ್ಣದ ಗೆರೆಯ ತನಕ ಬಂದು ನಿಂತ. ರೋಗದ ಶೆಡ್ಡಿನವರು ಆ ಗೆರೆ ದಾಟಿ ಅತ್ತ ಹೋಗುವಂತಿರಲಿಲ್ಲ.

“ಏ ಭುವಿ, ಬಾಯಿ ಬಿಟ್ಟಿ ಅಂದ್ರ ನಿಂದೂ ಹೋತು, ನಂದೂ ಹೋತು. ನನಗ ಇನ್ನ ಎರಡು ವರ್ಷ ಐತಿ ನೌಕರಿ. ತಿಳೀತಿಲ್ಲ?”

“ಕಾಕಾ, ನನ್ನಿಂದನ ಬಂದಿದ್ರ?”

“ಬಂದಿದ್ರ ಬಂತು. ಸಂಜಿಕ ಎಲ್ಲಾ ಮಣ್ಣಾಗ ಹೋಗ್ತಾವ. ಸತ್ತ ಹಂದಿ ಸಾಕ್ಷಿ ಹೇಳಾಕ ಬರತೈತೇನು?” ಎಂದವನೇ ತಿರುಗಿ ತನ್ನ ಶೆಡ್ಡಿನ ಬಾಗಿಲು ತೆಗೆದ.

ಆಗ ಅವಳು ನೋಡಿದಳು. ನೋಡುವುದು ಅವಳ ಚಟ. ಮಾತು ಬಾರದವಳಿಗೆ ಉಳಿದ ಕೆಲಸವೇ ಅದು. ಶಿದ್ದಪ್ಪನ ಬೂಟಿನ ಸಪ್ಪಳ ಕೇಳಿದ್ದೇ ತಡ, ಜಾಲರಿಯ ಕಿಟಕಿಯಾಚೆ ಎಂಟೂ ಹಂದಿಗಳು ಒಂದರ ಮೇಲೊಂದು ಬಿದ್ದು ಮೂಲೆ ಸೇರಿದವು. ಚೀರಿದವು. ಒಂದು ಗೋಡೆ ಹತ್ತಲು ನೋಡಿತು. ಅವುಗಳ ಕಣ್ಣು ತೇವವಾಗಿರಲಿಲ್ಲ, ಹೊಟ್ಟೆ ಎಳೆದು ಉಸಿರಾಡುತ್ತಿರಲಿಲ್ಲ, ಬೋಗುಣಿಯ ಹಿಟ್ಟು ಪೂರ್ತಿ ಖಾಲಿಯಾಗಿತ್ತು. ಮೇಲ್ದವಡೆಯ ಮೇಲೆ ತಂತಿಯ ಕುಣಿಕೆಯ ಕೆಂಪು ಗೆರೆಗಳಿದ್ದವು. ಶಿದ್ದಪ್ಪ ರಕ್ತ ತೆಗೆಯುವ ಪದ್ಧತಿ ಹಾಗೆ. ಮೂತಿಗೆ ಕುಣಿಕೆ ಹಾಕಿ ಕಂಬಕ್ಕೆ ಬಿಗಿದು, ಒಬ್ಬನೇ ಸೂಜಿ ಚುಚ್ಚುತ್ತಾನೆ. ತಪ್ಪೇನಲ್ಲ, ದನದ ದವಾಖಾನೆಯಲ್ಲಿ ಅವನಿಗೆ ಕಲಿಸಿದ್ದೇ ಅದು. ನಿನ್ನೆಯಿಂದ ನಾಲ್ಕು ಸಲ.

ರೋಗದ ಹಂದಿ ಹೀಗೆ ಓಡುವುದಿಲ್ಲ. ಇದು ಬೇರೆ.

ಅವ್ವನ ಒಂದು ಪದ್ಧತಿ ಅವಳಿಗೆ ನೆನಪಾಯಿತು. ಅಟ್ಟಿಸಿಕೊಂಡು ಹೋಗಿ ಹಿಡಿದ ಹಂದಿಯನ್ನು ದುರಗವ್ವ ಆ ದಿನ ಕಟುಕನಿಗೆ ಕೊಡುತ್ತಿರಲಿಲ್ಲ. ಗಿರಾಕಿ ಎಷ್ಟೇ ಒದರಾಡಲಿ, ಅದಕ್ಕೆ ನೀರು ಕುಡಿಸಿ, ಮಲಗಿಸಿ, ಮರುದಿನ ಬಾ ಎನ್ನುತ್ತಿದ್ದಳು. ಹೆದರಿದ ಹಂದಿಯ ಮಾಂಸ ಬಿಳಿಚಿಕೊಂಡು ನೀರು ಬಿಡುತ್ತದೆ. ಅದು ಓಣಿಯಲ್ಲಿ ಎಲ್ಲರಿಗೂ ಗೊತ್ತು. ಅಂಜಿಕೆ ಮಾಂಸದೊಳಗೆ ಇಳಿಯುವುದಾದರೆ ರಕ್ತಕ್ಕೆ ಇಳಿಯುವುದಿಲ್ಲವೇ?

ಇದನ್ನು ಯಾರಾದರೂ ಹೇಳಬೇಕಿತ್ತು. ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ.

ಹನ್ನೊಂದು ಗಂಟೆಯಾಯಿತು. ಅವಳು ಎರಡು ಸಲ ಆಫೀಸಿನ ಬಾಗಿಲ ತನಕ ಹೋಗಿ ವಾಪಸು ಬಂದಳು. ಮೂರನೆಯ ಸಲ ಹೋದಾಗ ಒಳಗಿನಿಂದ ಸರ್ ಫೋನಿನಲ್ಲಿ, “ಹೌದ್ರಿ, ಹದಿನಾರಕ್ಕಾಗೋವಷ್ಟು ಇಂಜೆಕ್ಷನ್ ತರ್ರಿ,” ಎನ್ನುವುದು ಕೇಳಿಸಿತು. ಅವಳು ಹೊಸ್ತಿಲ ಮೇಲೆ ನಿಂತುಬಿಟ್ಟಳು.

“ಏನವಾ?”

“ಸರ್... ಅವಕ್ಕ ಜಡ್ಡಿಲ್ಲರಿ.”

ಸಂಪದಾ ಮೇಡಂ ತಲೆ ಎತ್ತಿದರು. ಈ ಹುಡುಗಿ ತಾನಾಗಿ ಮಾತಾಡಿದ್ದನ್ನು ಅವರು ಕೇಳಿದ್ದು ಇದೇ ಮೊದಲು.

“ಜಡ್ಡಾದ ಹಂದಿ ಓಡಂಗಿಲ್ಲರಿ, ತಿನ್ನಂಗಿಲ್ಲರಿ. ಅವು ಹೆದರ್ಯಾವ್ರಿ. ಕಳ್ಳ ಬಂದಿಲ್ಲರಿ ಮೇಡಂ, ನಾವ ಹೋಗಿ ಬಾಗಲಾ ಬಡದೇವ್ರಿ.”

ಸರ್ ಮೇಡಂ ಕಡೆ ತಿರುಗಿದರು. “ಹೆದರಿದ್ರೂ ಈ ಜೀನು ಏಳ್ತಾವೇನು?”

“ಕೆಲವು ಏಳ್ತಾವ್ರಿ ಸರ್.” ಮೇಡಂ ಕಾಗದವನ್ನು ಹತ್ತಿರ ಹಿಡಿದರು. “ಏಳು ಎದ್ದಾವ, ಎರಡು ಎದ್ದಿಲ್ಲ. ಆ ಎರಡು ಬ್ಯಾಕ್ಟೀರಿಯಾ ಬಂದ್ರಷ್ಟೇ ಏಳುವಂಥವು. ಅದ ನನಗೂ ತಿಳೀಲಾರದ್ದು. ಆದ್ರ ಎರಡೂ ಶೆಡ್ಡಿಗೂ ಸೂಜಿ ಒಂದ ನಮೂನಿ, ಹೊತ್ತು ಒಂದ. ನಮ್ಮ ಕಡೆ ಹಂದಿ...” ಅವರು ನಿಲ್ಲಿಸಿದರು. “ನಮ್ಮ ಕಡೆ ಹಂದಿ ಸುಸ್ತಾಗಿ ತಾವ ಮಲಗ್ತಾವಲ್ಲ?”

“ತಾವ ಮಲಗಂಗಿಲ್ಲರಿ ಮೇಡಂ. ನೀವು ಬರೂದರಾಗ ನಾ ಮಲಗಿಸಿರ್ತೇನ್ರಿ. ಹೊಟ್ಟಿ ಕೆರದು.”

“ಎಲ್ಲಿ ಕಲತಿ ಅದನ್ನ?” ಎಂದರು ಸರ್.

ಕಿಟಕಿಯಾಚೆ, ಅಂಗಳದಲ್ಲಿ, ಶಿದ್ದಪ್ಪ ಕಸಬಾರಿಗೆ ಹಿಡಿದು ನಿಂತಿದ್ದ. ಅವನು ಗುಡಿಸುತ್ತಿರಲಿಲ್ಲ.

“ಮನ್ಯಾಗ್ರಿ.”

ಅವಳು ನೆಲ ನೋಡುತ್ತಲೇ ಎಲ್ಲ ಹೇಳಿದಳು. ಹನ್ನೊಂದು ಹಂದಿ, ಅಡ್ಡ ಸಿಕ್ಕ ಮರಿ, ಮೊಣಕೈ ತನಕ ಹಾಕಿದ ಕೈ, ಬರೆದುಕೊಟ್ಟ ಸುಳ್ಳು, ಅವ್ವ ಕಟುಕನನ್ನು ಮರುದಿನಕ್ಕೆ ಕಳಿಸುವುದು. ಬರೆಸಿದವರು ಯಾರು ಎಂಬುದೊಂದನ್ನು ಬಿಟ್ಟು.

ಯಜ್ಞೇಶ್ವರ ಸರ್ ಮುಖ ಕೆಂಪಗಾಯಿತು. “ಅಂದ್ರ ಹೊರಗಿಂದ ರೋಗ ತಂದಾಕಿನೂ ನೀನ ಇರಬಹುದು. ರೋಗ ಇಲ್ಲ ಅಂತ ಹೇಳಾಕಿನೂ ನೀನ. ನಾ ಯಾವುದನ್ನ ನಂಬಲಿ?”

ಮೇಡಂ ಎದ್ದು ನಿಂತರು. “ಇಕಿನ್ನ ನಂಬಬ್ಯಾಡ್ರಿ ಸರ್, ರಕ್ತಾ ನಂಬರಿ. ಹನ್ನೆರಡರ ರಕ್ತ ಹೆಂಗೂ ತಗೀಬೇಕು. ಬೆಳಿಗ್ಗೆ ಆರರಿಂದ ಅವನ್ನ ಯಾರೂ ಹಿಡದಿಲ್ಲ. ಹೆದರಸಲಾರದ ತಗೊಂಡ್ರ ನಾಲ್ಕೂವರಿಗೆ ಉತ್ತರ ಕೊಡ್ತೀನಿ. ಡಾಕ್ಟರಗೋಳ ಬರೂದು ಐದಕ್ಕ.”

“ಹೆದರಸಲಾರದ ಯಾರು ತಗೀತಾರ? ನೀವಿಬ್ಬರೂ ಗೆರಿ ದಾಟೂಹಂಗಿಲ್ಲ. ಶಿದ್ದಪ್ಪನ ಕಂಡ್ರ ಅವು ಓಡ್ತಾವ.”

ಎರಡರಲ್ಲಿ ಯಾವ ಶೆಡ್ಡಿಗೂ ಕಾಲಿಡದ ಮನುಷ್ಯ ಆ ಕೇಂದ್ರದಲ್ಲಿ ಆ ದಿನ ಒಬ್ಬರೇ ಇದ್ದರು. ಮೇಡಂ ಅವರನ್ನೇ ನೋಡುತ್ತಿದ್ದರು. ಭುವನೇಶ್ವರಿಯೂ ನೋಡಿದಳು.

“ಹುಚ್ಚು ಹಿಡದದೇನು ನಿಮಗ?” ಎಂದರು ಯಜ್ಞೇಶ್ವರ ಸರ್.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಅವರು ನೀಲಿ ಮೇಲಂಗಿ, ಗಮ್‌ಬೂಟು ತೊಟ್ಟು ಆಚೆ ಶೆಡ್ಡಿನ ಬಾಗಿಲು ತೆಗೆದರು. ಭುವನೇಶ್ವರಿ ಸುಣ್ಣದ ಗೆರೆಯ ಈಚೆ, ಕಿಟಕಿಗೆ ಎದುರಾಗಿ ನಿಂತಳು. ಹತ್ತು ಹೆಜ್ಜೆ ದೂರ. ಕೂಗಿದರೆ ಹಂದಿ ಬೆದರುತ್ತವೆ, ಮೆಲ್ಲಗೆ ಅಂದರೆ ಅವರಿಗೆ ಕೇಳುವುದಿಲ್ಲ. ಇಷ್ಟು ದಿನ ತನ್ನ ದನಿಯನ್ನು ತಾನೇ ಕೇಳದಂತೆ ಬದುಕಿದವಳು, ಈಗ ಅದನ್ನು ಅಳತೆ ಮಾಡಿ ಹತ್ತು ಹೆಜ್ಜೆ ಮಾತ್ರ ಕಳಿಸಬೇಕಿತ್ತು.

“ಕುಂದರ್ರಿ ಸರ್. ನೆಲದ ಮ್ಯಾಲ.”

“ನೆಲ ಹಸಿ ಅದ.”

“ಕುಂದರ್ರಿ. ಬೆನ್ನು ಅವುಗಳ ಕಡೆ ಮಾಡ್ರಿ. ತಿರುಗಿ ನೋಡಬ್ಯಾಡ್ರಿ.”

ಅವರು ಕೂತರು. ಹಂದಿಗಳು ಮೂಲೆಯಲ್ಲಿ ಉಸಿರು ಬಿಡುತ್ತಿದ್ದವು. ಐದು ನಿಮಿಷ. ಹತ್ತು ನಿಮಿಷ. ಮೇಡಂ ಗಡಿಯಾರ ನೋಡಿದರು, ಶಿದ್ದಪ್ಪ ಬೀಡಿ ಹುಡುಕಿ ಮತ್ತೆ ಕಿಸೆಯಲ್ಲಿಟ್ಟ. ಹದಿನೈದಾಗುವಾಗ ಕಿವಿ ಹರಿದ ಒಂದು ಹಂದಿ ಗುಂಪಿನಿಂದ ಈಚೆ ಬಂತು. ನಿಂತಿತು. ಮತ್ತೆರಡು ಹೆಜ್ಜೆ.

“ಇದು ನನ್ನ ಅಂಗಿ ಕಡಿಯಾಕತ್ತದ!” ಸರ್ ಪಿಸುಗುಟ್ಟಿದರು.

“ಕಡೀಲಿ ಬಿಡ್ರಿ ಸರ್. ಈಗ ಎಡಗೈ ಹಿಂದ ಒಯ್ಯಿರಿ. ತಲಿ ಮುಟ್ಟಬ್ಯಾಡ್ರಿ. ಮುಂಗಾಲಿನ ಸಂದಿನ್ಯಾಗ, ಹಾಂ, ಅಲ್ಲೇ. ಉಗುರು ಹಾಕ್ರಿ. ಸಾವಕಾಶ. ಇನ್ನ ಸಾವಕಾಶ್ರಿ. ಹೊಟ್ಟಿ ಕಡೆ ಬರ್ರಿ.”

ಹಂದಿ ಕಣ್ಣು ಸಣ್ಣಗೆ ಮಾಡಿತು. ಹಿಂಗಾಲು ಅದುರಿತು. ಆಮೇಲೆ ಹಿಟ್ಟಿನ ಚೀಲ ಕೆಳಗೆ ಇಳಿಸಿದಂತೆ ದೊಪ್ಪನೆ ಮಗ್ಗುಲಿಗೆ ಒರಗಿತು.

“ಅಯ್ಯ!” ಎಂದರು ಸರ್. “ಮೂವತ್ತು ವರ್ಷ ಆತು ದನದ ಡಾಕ್ಟರಾಗಿ. ಯಾರೂ ಹೇಳಿರಲಿಲ್ಲ.”

“ಮಾತಾಡಬ್ಯಾಡ್ರಿ. ಕೆರಿಯೂದು ನಿಲ್ಲಸಬ್ಯಾಡ್ರಿ. ಬಲಗೈಲೆ ಕಿವಿಯ ನರಕ್ಕ ಹಾಕ್ರಿ.”

ತಾನು ಸಾಹೇಬರಿಗೆ ಮಾತಾಡಬೇಡ ಎಂದೆ ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಅಷ್ಟರಲ್ಲಿ ಕೊಳವೆ ತುಂಬಿತ್ತು. ಹಂದಿ ಕಣ್ಣು ತೆರೆಯಲಿಲ್ಲ.

ಒಂದೂಕಾಲು ಗಂಟೆಯಲ್ಲಿ ಆರು ಹಂದಿಗಳದಾಯಿತು. ಇನ್ನೆರಡು ಮೂಲೆ ಬಿಟ್ಟು ಬರಲೇ ಇಲ್ಲ.

“ಆ ಎರಡಕ್ಕ ಶಿದ್ದಪ್ಪ ಕುಣಿಕಿ ಹಾಕಲಿ,” ಎಂದರು ಮೇಡಂ.

“ಬ್ಯಾಡ್ರಿ ಮೇಡಂ!”

“ಬೇಕು ಭುವನೇಶ್ವರಿ. ಆರು ಇಳದು ಎರಡು ಏರಿದ್ರನ ನಿನ್ನ ಮಾತು ಖರೇ ಅಂತ ತೋರಸಲಿಕ್ಕೆ ಬರ್ತದ. ಎಂಟೂ ಏರಿದ್ರ ಸರ್ ಹೇಳಿದ್ದ ಖರೇ.”

ರಕ್ತ ಕೊಟ್ಟ ಆರನ್ನು ಪಕ್ಕದ ಅಂಕಣಕ್ಕೆ ಬಿಟ್ಟು ಶಿದ್ದಪ್ಪ ಒಳಗೆ ಹೋದ. ಆ ಎರಡು ಚೀರಿದ್ದು ಜಾಲಿಗಿಡಗಳ ಆಚೆಗೂ ಕೇಳಿರಬೇಕು. ಭುವನೇಶ್ವರಿ ಕಿವಿ ಮುಚ್ಚಿಕೊಳ್ಳಲಿಲ್ಲ. ತಾನು ಹೇಳಿದ್ದಕ್ಕೇ ಅವು ಚೀರುತ್ತಿದ್ದವು.

ಮೇಡಂ ಕೊಳವೆಗಳನ್ನು ಹಿಡಿದು ಪ್ರಯೋಗಾಲಯದ ಬಾಗಿಲು ಹಾಕಿಕೊಂಡರು. ಎರಡಾಯಿತು, ಮೂರಾಯಿತು. ಶಿದ್ದಪ್ಪ ರೊಟ್ಟಿ ಬಿಚ್ಚಿ ಗೆರೆಯಾಚೆ ಕೂತ, ತಿನ್ನಲಿಲ್ಲ. ಅವಳು ರೋಗದ ಹಂದಿಗಳಿಗೆ ನೀರಿಟ್ಟಳು. ಒಂದಕ್ಕೆ ಉಸಿರು ಕಷ್ಟವಾಗಿತ್ತು, ಅದರ ಪಕ್ಕದಲ್ಲೇ ಕೂತಳು. ರೋಗ ಎಂದರೆ ಇದು. ಈ ಕಣ್ಣು, ಈ ಪಕ್ಕೆಯ ಎಳೆತ. ಆ ಎಂಟರಲ್ಲಿ ಇದು ಇರಲಿಲ್ಲ ಎಂದು ನೂರನೆಯ ಸಲ ತನಗೆ ತಾನೇ ಹೇಳಿಕೊಂಡಳು. ಆದರೆ ರೋಗ ಕಣ್ಣಿಗೆ ಕಾಣುವ ಮೊದಲೇ ರಕ್ತಕ್ಕೆ ಗೊತ್ತಾಗುತ್ತದೆ ಎಂದು ಮೇಡಂ ಹೇಳಿದ್ದರಲ್ಲ? ಹಾಗಾದರೆ ಅವಳ ಕಣ್ಣಿಗೆ ಏನು ಬೆಲೆ?

ನಾಲ್ಕೂವರೆ ದಾಟಿತು. ಬಾಗಿಲು ತೆರೆಯಲಿಲ್ಲ. ನಾಲ್ಕೂ ಮುಕ್ಕಾಲಿಗೆ ಗೇಟಿನ ಹೊರಗೆ ಜೀಪು ಬಂದು ನಿಂತಿತು. ಇಬ್ಬರು ಡಾಕ್ಟರು ಇಳಿದು ಪೆಟ್ಟಿಗೆ ಇಳಿಸಿದರು.

ಆಗ ಮೇಡಂ ಮೆಟ್ಟಿಲ ಮೇಲೆ ಕಾಣಿಸಿದರು. ಓಡಲಿಲ್ಲ. ನಡೆದು ಬಂದರು. ಕಾಗದವನ್ನು ಸರ್ ಕೈಗೆ ಕೊಟ್ಟರು. “ಆರು ಇಳದಾವ. ರೋಗ ಬಿಡೂಕಿಂತ ಮೊದಲ ಮಂಪರಿನ ಔಷಧ ಕೊಟ್ಟು ತಗದಿದ್ದೆವಲ್ಲ, ಹೆಚ್ಚುಕಡಿಮಿ ಅಷ್ಟಕ್ಕ ಬಂದಾವ. ಕುಣಿಕಿ ಹಾಕಿದ ಎರಡು ಏರ್ಯಾವ. ಬ್ಯಾಕ್ಟೀರಿಯಾಕ್ಕ ಏಳೋ ಆ ಎರಡು ಜೀನು, ಎಂಟರಾಗೂ ಮಲಗ್ಯಾವ.” ಅವರ ದನಿ ಒಡೆಯಿತು. “ನಿನ್ನೆಯಿಂದ ಆ ಶೆಡ್ಡಿಂದು ತಗದದ್ದೆಲ್ಲಾ ಚೆಲ್ಲಬೇಕು. ಆದ್ರ ರೋಗ ದಾಟಿಲ್ಲ ಸರ್.”

ಸರ್ ಗೇಟಿನ ತನಕ ಹೋಗಿ ಡಾಕ್ಟರುಗಳ ಜತೆ ಮಾತಾಡಿದರು. ಪೆಟ್ಟಿಗೆ ಮತ್ತೆ ಜೀಪು ಹತ್ತಿತು.

ತಿರುಗಿ ಬಂದವರು ಭುವನೇಶ್ವರಿಯ ಮುಂದೆ ನಿಂತರು. ಮೇಲಂಗಿಯ ಹಿಂಬದಿ ಇನ್ನೂ ಒದ್ದೆಯಿತ್ತು.

“ನೀ ಹೇಳಿದ್ದು ಖರೇ ಆತು. ಹಂಗಂತ ಸುಳ್ಳು ಬರದದ್ದು ಸುಳ್ಳಲ್ಲ ಅಂತ ಆಗೂದಿಲ್ಲ. ಇವತ್ತ ಕೆಲಸ ಬಿಡಬೇಕಾಗ್ತದ.”

“ಹೂಂರಿ.”

“ಮತ್ತ ಕೇಳು. ಮೂರು ದಿನ ನಿಮ್ಮ ಹಂದಿ ಹತ್ರ ಸುಳಿಯಬ್ಯಾಡ. ಈ ನಿಯಮ ನಮ್ಮ ಹಂದಿ ಉಳಸಲಿಕ್ಕಷ್ಟೇ ಅಲ್ಲವಾ, ನಿಮ್ಮವ್ವನವನ್ನ ಉಳಸಲಿಕ್ಕೂ ಅದ. ಇಲ್ಲಿಂದ ರೋಗ ನಿನ್ನ ಸೀರಿ ಸೆರಗಿನ್ಯಾಗ ಹೋದ್ರ?”

ಅವಳು ತನ್ನ ಸೆರಗಿನತ್ತ ನೋಡಿದಳು. ಇಷ್ಟು ದಿನ ತರುವುದನ್ನಷ್ಟೇ ಯೋಚಿಸಿದ್ದಳು, ಒಯ್ಯುವುದನ್ನಲ್ಲ. ರೋಗ ಬಿಟ್ಟ ಮೇಲೆ ಮನೆಗೆ ಹೋಗಿರಲಿಲ್ಲ, ಇಲ್ಲೇ ಮಲಗಿದ್ದಳು. ಇವತ್ತು ಸಂಜೆ ಹೋಗುವವಳಿದ್ದಳು.

“ಗೋಕುಲ ರಸ್ತೇದಾಗ ನಮ್ಮಕ್ಕನ ಮನಿ ಐತ್ರಿ. ಅಲ್ಲಿಗೆ ಹೋಗ್ತೇನ್ರಿ.”

“ನಿಮ್ಮವ್ವ ಆ ಹಂದಿ ಮಾರಿದ್ರ,” ಎಂದರು ಸರ್, “ಒಂದು ತಿಂಗಳಾದ ಮ್ಯಾಲೆ ಬಾ. ನಾನ ತಗೋತೀನಿ.”

ಅದು ದೊಡ್ಡ ಮಾತು ಎಂದು ಅವಳಿಗೆ ಗೊತ್ತಿತ್ತು. ಆದರೂ ಉತ್ತರಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ. “ಮಾರಂಗಿಲ್ಲರಿ ಸರ್. ಅವ್ವ ಮಾರಂಗಿಲ್ಲ. ನಾನೂ ಮಾರು ಅನ್ನಂಗಿಲ್ಲರಿ.”

ಸೋಪು ಹಚ್ಚಿ ಮೈ ತೊಳೆದು, ಬಟ್ಟೆ ಬದಲಿಸಿ ಅವಳು ಗೇಟಿಗೆ ಬಂದಾಗ ಶಿದ್ದಪ್ಪ ಅಲ್ಲಿ ಕಾಯುತ್ತಿದ್ದ.

“ನನ್ನ ಹೆಸರು ಯಾಕ ಹೇಳಲಿಲ್ಲ?”

“ಯಾರೂ ಕೇಳಲಿಲ್ಲ ಕಾಕಾ.”

ಅವನು ಗೋಡೆಯ ಕಡೆ ನೋಡಿದ. “ಇನ್ನ ಮ್ಯಾಲೆ ಆ ಎಂಟು ಸಾಹೇಬರ ಕೈಯಾಗ. ನನಗ ರೋಗದ ಶೆಡ್ಡು ಕೊಟ್ಟಾರ. ಆರಕ್ಕ ರಕ್ತ ತಗೀಬೇಕು. ಮೇಡಂ ಸೂಜಿ ಹಾಕ್ತಾರಂತ, ಮಲಗಸಾಂವ ನಾನ. ನನ್ನ ಕಂಡ್ರ ಅವೂ ಓಡಿದ್ರ ಏನ ಮಾಡ್ಲಿ?”

“ಕುಣಿಕಿ ಒಯ್ಯಬ್ಯಾಡ್ರಿ. ಮೊದಲ ಕುಂದರ್ರಿ.”

“ಕುಂದ್ರತೇನಿ. ಕೆರಿಯೂದು ಹೆಂಗ? ಎಷ್ಟು ಜೋರು?”

ಅವಳು ಅತ್ತಿತ್ತ ನೋಡಿದಳು. ಆಮೇಲೆ ಅವನ ತೋಳು ಹಿಡಿದು, ಅಂಗಿಯ ತೋಳನ್ನು ಮೇಲೆ ಸರಿಸಿ, ಮೊಣಕೈಯ ಒಳಬದಿಗೆ ನಾಲ್ಕು ಬೆರಳು ಇಟ್ಟಳು. ಮೇಲಿನಿಂದ ಕೆಳಗೆ ಎಳೆದಳು. ಇನ್ನೊಮ್ಮೆ ಎಳೆದಳು. ಮುದುಕ ಅಲುಗಾಡದೆ ನಿಂತ.

“ಇಷ್ಟ ಹಗುರ?”

“ಇಷ್ಟ. ನೀವು ಅವಸರ ಮಾಡಿದ್ರ ಅವಕ್ಕ ಗೊತ್ತಾಗತೈತಿ ಕಾಕಾ.”

“ಇನ್ನೊಮ್ಮೆ ತೋರಸು,” ಎಂದ ಶಿದ್ದಪ್ಪ, ತೋಳು ಹಾಗೆಯೇ ಚಾಚಿಕೊಂಡು. ಆರಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು.